ಯಂತ್ರಕ್ಕೂ ಒಂದು ಅಂಕಿತನಾಮ

ನಾಮಪದದಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂಬ ಭೇದಗಳುಂಟೆಂದು ಶಾಲೆಯಲ್ಲಿ ಓದಿದ್ದೇವಷ್ಟೆ. ‘ಸರ್ವರ್’ ಎಂಬುದು ರೂಢನಾಮ. ಅಮೆಜಾನಿನ ಕ್ಲೌಡಿನಲ್ಲಿ ಬಾಡಿಗೆಗೆ ಹಿಡಿದ ಸರ್ವರು ಸಾಮಾನ್ಯವಾಗಿ ‘ಐಪಿ-172-31’ ಎಂದು ಮೊದಲಾಗುವ ಹೆಸರನ್ನು ಹೊತ್ತೇ ಹುಟ್ಟುವುದು. ವಿಳಾಸದಿಂದ ಬಂದುದರಿಂದ ಇದನ್ನು ಅನ್ವರ್ಥನಾಮವೆನ್ನೋಣ. ಇಂಥವು ಹತ್ತಿದ್ದರೆ ಯಾವುದು ಯಾವುದೆಂದು ತಿಳಿಯದು. ಬನಹಟ್ಟಿಯ ನೇಕಾರರ ಕೂಲಿಯ ಲೆಕ್ಕವಿರುವ ಯಂತ್ರವನ್ನು ಪರೀಕ್ಷೆಯ ಯಂತ್ರವೆಂದು ಬಗೆದು ಅಳಿಸಿದರೆ ಗತಿಯೇನು?

ಆದ್ದರಿಂದ ಅಂಕಿತನಾಮ ಬೇಕು. ಜಮಖಂಡಿ, ಮುಧೋಳ, ಬೀಳಗಿ ಎಂದು ನಮ್ಮ ಊರುಗಳ ಹೆಸರನ್ನೇ ಇಡಬಹುದು. ಹೋಸ್ಟ್‌ನೇಮಿನ ಸಂಪ್ರದಾಯವು ರೋಮನ್ ಅಕ್ಷರ, ಅಂಕಿ, ಅಡ್ಡಗೆರೆ ಇಷ್ಟನ್ನೇ ಒಪ್ಪುವುದು; ಒಂದು ಪದಕ್ಕೆ 63 ಅಕ್ಷರಗಳ ಮಿತಿ. ರಬಕವಿ-ಬನಹಟ್ಟಿಯ ನಡುವಣ ಗೆರೆಗೆ ಅಡ್ಡಿಯಿಲ್ಲ; ಆದಿಯಲ್ಲಾಗಲಿ ಅಂತ್ಯದಲ್ಲಾಗಲಿ ಅದು ಕೂಡದು. ಕಾಗುಣಿತದ ತೊಡಕು ಬೇರೆ. ಜಮಖಂಡಿಯನ್ನು ರೋಮನ್ ಲಿಪಿಯಲ್ಲಿ ಮಕಾರದ ಮುಂದೆ ‘ಎ’ ಸೇರಿಸಿಯೂ ಬರೆಯುವರು, ಸೇರಿಸದೆಯೂ ಬರೆಯುವರು. ನಮಗೆ ಊರು ಒಂದೇ, ಯಂತ್ರಕ್ಕೆ ಎರಡು.

ಲಿನಕ್ಸಿನಲ್ಲಿ ‘ಹೋಸ್ಟ್‌ನೇಮ್’ ಎಂಬ ಆಜ್ಞೆಯಿಂದ ಇಟ್ಟ ಹೆಸರು ಯಂತ್ರವು ಮಲಗಿ ಏಳುವವರೆಗೆ ಮಾತ್ರ. ‘ಹೋಸ್ಟ್‌ನೇಮ್‌ಸಿಟಿಎಲ್’ ಅದನ್ನು ಕಡತದಲ್ಲಿ ಬರೆದಿಡುವುದು. ಅಷ್ಟಾದರೂ ಕೆಲವೆಡೆ ಹಳೆಯ ಹೆಸರೇ ಮರಳುವುದುಂಟು. ಇದು ಕ್ಲೌಡ್-ಇನಿಟ್ ಎಂಬ ಕಾರಕೂನನ ಕೆಲಸ. ಯಂತ್ರ ಏಳುವಾಗ ಧಣಿಯ ದಫ್ತರ ನೋಡಿ ಹೆಸರನ್ನು ತಿದ್ದಿಬಿಡುತ್ತಾನೆ. ಅವನ ಕಡತದಲ್ಲಿ ‘ಪ್ರಿಸರ್ವ್_ಹೋಸ್ಟ್‌ನೇಮ್’ ಎಂಬುದರ ಎದುರಿಗೆ ‘ಟ್ರೂ’ ಎಂದು ಬರೆದರೆ ಇಟ್ಟ ಹೆಸರಿನ ತಂಟೆಗೆ ಬಾರನು. ‘ಹೋಸ್ಟ್ಸ್’ ಕಡತದಲ್ಲಿಯೂ ಹೊಸ ಹೆಸರನ್ನು ನಮೂದಿಸಬೇಕು. ಇಲ್ಲವಾದರೆ ಯಂತ್ರವು ತನ್ನ ಹೆಸರನ್ನು ತಾನೇ ಗುರುತಿಸಲಾರದೆ ಗೊಣಗೀತು.