ಮೂರ್ಛೆ ರೋಗ ಹಾಗೂ ಮೂರ್ಛೆ ರೋಗವಲ್ಲದ ಸೆಳವು: ವೈದ್ಯರಿಗೆ ನೀಡುವ ವಿವರಣೆಯ ಮಹತ್ವ

(ಮೈಸೂರು ನಗರದ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಪ್ರಜ್ಞೆ ತಪ್ಪಿ ಬಿದ್ದು ಕೈಕಾಲು ಸೆಳೆದುಕೊಂಡರೆ ಅದನ್ನು "ಫಿಟ್ಸ್" ಎಂದು ಕರೆಯುವುದು ವಾಡಿಕೆ. ಆದರೆ ಹೀಗೆ ಬೀಳುವವರೆಲ್ಲರೂ ಮೂರ್ಛೆ ರೋಗಿಗಳಲ್ಲ. ಕಾರಣ ತಪ್ಪಾಗಿ ನಿರ್ಧಾರವಾದಲ್ಲಿ, ಅಗತ್ಯವಿಲ್ಲದ ಮಾತ್ರೆಗಳನ್ನು ವರ್ಷಗಟ್ಟಲೆ ಸೇವಿಸಬೇಕಾಗಬಹುದು. ಇಲ್ಲವೇ ಅಗತ್ಯವಿರುವ ಚಿಕಿತ್ಸೆ ದೊರೆಯದೇ ಹೋಗಬಹುದು. ಉದ್ಯೋಗ, ವಿವಾಹ ಹಾಗೂ ವಾಹನ ಚಾಲನೆಯ ಮೇಲೂ ಇದರ ಪರಿಣಾಮವಿದೆ. ಆದುದರಿಂದ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಸೆಳವಿನ ಮುಖ್ಯ ಕಾರಣಗಳು

1. ಮೂರ್ಛೆ ರೋಗ (ಅಪಸ್ಮಾರ): ಮಿದುಳಿನ ನರಕೋಶಗಳಲ್ಲಿ ಹಠಾತ್ತನೆ ಉಂಟಾಗುವ ಅಸಹಜ ವಿದ್ಯುತ್ ಚಟುವಟಿಕೆಯಿಂದ ಬರುತ್ತದೆ. ಮೈಯೆಲ್ಲ ಸೆಳೆಯುವ ಸೆಳವು ಸಾಮಾನ್ಯವಾಗಿ 1ರಿಂದ 3 ನಿಮಿಷಗಳಲ್ಲಿ ನಿಲ್ಲುತ್ತದೆ. ಕಣ್ಣುಗಳು ಬಹುತೇಕ ತೆರೆದೇ ಇರುತ್ತವೆ. ನಾಲಿಗೆಯ ಅಂಚು ಕಚ್ಚಿಹೋಗಬಹುದು. ನಂತರ ಸ್ವಲ್ಪ ಹೊತ್ತು ಗೊಂದಲ ಹಾಗೂ ನಿದ್ರೆ ಕಂಡುಬರುತ್ತವೆ.

2. ತಲೆಸುತ್ತಿ ಬೀಳುವುದು: ಮಿದುಳಿಗೆ ರಕ್ತದ ಹರಿವು ಕ್ಷಣಕಾಲ ಕಡಿಮೆಯಾಗುವುದರಿಂದ ಆಗುತ್ತದೆ. ಮೊದಲು ಕಣ್ಣು ಕತ್ತಲಿಟ್ಟು, ಬೆವರಿ, ಮುಖ ಬಿಳುಚಿಕೊಳ್ಳುವುದು ಸಾಮಾನ್ಯ. ಒಂದೆರಡು ಸಲ ಕೈಕಾಲು ಅದುರಬಹುದು. ಮಲಗಿಸಿದ ಕೂಡಲೇ ಬೇಗ ಎಚ್ಚರವಾಗುತ್ತದೆ. ಹೃದಯದ ತೊಂದರೆಯೂ ಇದಕ್ಕೆ ಕಾರಣವಾಗಿರಬಹುದಾದ್ದರಿಂದ ಅಲಕ್ಷಿಸಬಾರದು.

3. ಮನೋಜನ್ಯ ಸೆಳವು: ಇದರಲ್ಲಿ ಮಿದುಳಿನ ಅಸಹಜ ವಿದ್ಯುತ್ ಚಟುವಟಿಕೆ ಇರುವುದಿಲ್ಲ. ಕಣ್ಣು ಮುಚ್ಚಿರುವುದು, ತಲೆ ಅತ್ತಿತ್ತ ಆಡುವುದು, ಸೆಳವು ಹೆಚ್ಚಿ ತಗ್ಗಿ ಬಹಳ ಹೊತ್ತು ನಡೆಯುವುದು ಹೆಚ್ಚು. ಇದು ನಟನೆಯಲ್ಲ, ರೋಗಿಯ ಇಚ್ಛೆಯಿಂದ ಬರುವಂಥದ್ದೂ ಅಲ್ಲ. ಮೂರ್ಛೆ ರೋಗದ ಮಾತ್ರೆಗಳಿಂದ ಇದು ಗುಣವಾಗುವುದಿಲ್ಲ. ಆಪ್ತಸಮಾಲೋಚನೆ ಹಾಗೂ ಮನೋಚಿಕಿತ್ಸೆ ಅಗತ್ಯ. ಕೆಲವರಲ್ಲಿ ಎರಡೂ ಬಗೆಯ ಸೆಳವು ಇರುವುದುಂಟು.

ರೋಗಿಯ ಹೇಳಿಕೆ ಏಕೆ ಮುಖ್ಯ?

ವೈದ್ಯರು ಸೆಳವನ್ನು ಕಣ್ಣಾರೆ ನೋಡುವುದು ಅಪರೂಪ. ಮೂರ್ಛೆ ರೋಗವಿದ್ದರೂ ಇ.ಇ.ಜಿ. ಪರೀಕ್ಷೆ ಸಹಜವಾಗಿ ಬರಬಹುದು. ಸೆಳವನ್ನೂ ಇ.ಇ.ಜಿ.ಯನ್ನೂ ಒಟ್ಟಿಗೆ ದಾಖಲಿಸುವ ವಿಡಿಯೋ ಇ.ಇ.ಜಿ. ಅತ್ಯಂತ ಖಚಿತವಾದ ಪರೀಕ್ಷೆ. ಆದರೆ ಎಲ್ಲೆಡೆ ಲಭ್ಯವಿಲ್ಲ. ಆದ್ದರಿಂದ ರೋಗಿಯ ಹಾಗೂ ನೋಡಿದವರ ಮಾತೇ ಮೊದಲ ಆಧಾರ.

ಜರ್ಮನಿ ಹಾಗೂ ಇಂಗ್ಲೆಂಡಿನ ಸಂಶೋಧಕರು ರೋಗಿಗಳು ಹೇಳುವ ವಿಷಯವನ್ನಷ್ಟೇ ಅಲ್ಲದೆ ಹೇಳುವ ರೀತಿಯನ್ನೂ ಅಧ್ಯಯನ ಮಾಡಿದ್ದಾರೆ. ಮೂರ್ಛೆ ರೋಗವಿರುವವರು ತಮಗಾದ ಅನುಭವವನ್ನು ತಾವಾಗಿಯೇ, ತಡವರಿಸುತ್ತ, ಪದ ಹುಡುಕುತ್ತ ವಿವರಿಸುತ್ತಾರೆ. ಎಲ್ಲಿಯವರೆಗೆ ನೆನಪಿದೆ, ಎಲ್ಲಿಂದ ಇಲ್ಲ ಎಂದು ಗುರುತಿಸಲು ಯತ್ನಿಸುತ್ತಾರೆ. ಮನೋಜನ್ಯ ಸೆಳವಿರುವವರು ಸೆಳವು ಬಂದ ಸಂದರ್ಭ ಮತ್ತು ಅದರಿಂದಾದ ತೊಂದರೆಗಳನ್ನು ಹೆಚ್ಚಾಗಿ ಹೇಳಿ, ಒಳಗಿನ ಅನುಭವ ಕೇಳಿದಾಗ "ಏನೂ ಗೊತ್ತಿಲ್ಲ" ಎಂದು ಮುಗಿಸುವುದು ಹೆಚ್ಚು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರೋಗನಿರ್ಣಯ ತಿಳಿಯದೆ ಸಂಭಾಷಣೆಯನ್ನು ಮಾತ್ರ ವಿಶ್ಲೇಷಿಸಿದ ಭಾಷಾತಜ್ಞರು 20 ರೋಗಿಗಳ ಪೈಕಿ 17 ಮಂದಿಯ ವಿಷಯದಲ್ಲಿ ಸರಿಯಾಗಿ ಊಹಿಸಿದರು.

ಆದರೆ ಇವು ಅನ್ಯಭಾಷೆಯ ರೋಗಿಗಳಿಂದ ತಿಳಿದ ಅಂಶಗಳು. ಕನ್ನಡದಲ್ಲಿ "ಫಿಟ್ಸ್ ಬಂತು" ಎಂದೇ ಎಲ್ಲರೂ ಹೇಳುವುದರಿಂದ ಒಂದು ಮಾತಿನಿಂದ ತೀರ್ಮಾನಕ್ಕೆ ಬರಲಾಗದು. ಸಾರ್ವಜನಿಕರು ತಾವೇ ರೋಗವನ್ನು ನಿರ್ಧರಿಸಬಾರದು.

ಸ್ನಾನದ ವೇಳೆ ಬರುವ ಸೆಳವು

ದಕ್ಷಿಣ ಕರ್ನಾಟಕದಲ್ಲಿ, ತಲೆಗೆ ಬಿಸಿನೀರು ಎರೆದುಕೊಳ್ಳುವಾಗ ಬರುವ ಮೂರ್ಛೆ ಬೇರೆಡೆಗಿಂತ ಹೆಚ್ಚಾಗಿ ಕಂಡುಬರುತ್ತದೆ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಹೋದ್ಯೋಗಿಗಳು 1968ರಲ್ಲಿ ಇದನ್ನು ವರದಿ ಮಾಡಿದರು. 1988ರಲ್ಲಿ ನಿಮ್ಹಾನ್ಸ್ ತಜ್ಞರು 279 ರೋಗಿಗಳ ವಿವರ ಪ್ರಕಟಿಸಿದರು. ದಿಗ್ಭ್ರಮೆಯ ನೋಟ, ಭಯ, ಅಸಂಬದ್ಧ ಮಾತು ಇದರ ಲಕ್ಷಣಗಳು. ಕೆಲವರು ಅರಿವಿಲ್ಲದೆ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಇದನ್ನು ಗಾಳಿ ಸೋಕಿದ್ದು ಎಂದು ಭಾವಿಸಿ ಚಿಕಿತ್ಸೆ ತಡಮಾಡಬಾರದು.

ಗ್ಯಾಸ್ ಗೀಸರ್ ಇರುವ, ಗಾಳಿಯಾಡದ ಬಚ್ಚಲುಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನಿಲದಿಂದಲೂ ಪ್ರಜ್ಞೆ ತಪ್ಪಬಹುದು, ಇದು ಪ್ರಾಣಾಪಾಯಕಾರಿ. ಆದ್ದರಿಂದ ನೀರು ತಲೆಗೆ ಬಿದ್ದಿತ್ತೇ, ಗೀಸರ್ ಯಾವುದು, ಕಿಟಕಿ ತೆರೆದಿತ್ತೇ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು.

ವೈದ್ಯರ ಬಳಿ ಹೋಗುವಾಗ

1. ಸೆಳವನ್ನು ನೋಡಿದವರನ್ನು ಜೊತೆಯಲ್ಲಿ ಕರೆದೊಯ್ಯುವುದು. ಸಾಧ್ಯವಿದ್ದಲ್ಲಿ ಮೊಬೈಲಿನಲ್ಲಿ ಚಿತ್ರೀಕರಿಸಿದ ದೃಶ್ಯವನ್ನು ತೋರಿಸುವುದು.
2. ದಿನಾಂಕ, ವೇಳೆ, ಅವಧಿ, ಆಗ ಮಾಡುತ್ತಿದ್ದ ಕೆಲಸವನ್ನು ಪುಸ್ತಕದಲ್ಲಿ ಬರೆದಿಡುವುದು.
3. ಕಡೆಯ ನೆನಪು ಹಾಗೂ ಎಚ್ಚರವಾದ ನಂತರದ ಮೊದಲ ನೆನಪನ್ನು ರೋಗಿಯೇ ಸ್ವಂತ ಮಾತಿನಲ್ಲಿ ಹೇಳುವುದು. ಮನೆಯವರು ನಡುವೆ ಬಾಯಿ ಹಾಕದೆ, ನಂತರ ತಾವು ಕಂಡದ್ದನ್ನು ಹೇಳುವುದು.
4. ಹಳೆಯ ಚೀಟಿಗಳು ಹಾಗೂ ಸೇವಿಸುತ್ತಿರುವ ಮಾತ್ರೆಗಳನ್ನು ಒಯ್ಯುವುದು. ವೈದ್ಯರ ಸಲಹೆಯಿಲ್ಲದೆ ಮಾತ್ರೆ ನಿಲ್ಲಿಸಬಾರದು.

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಗರದ ಕೃಷ್ಣರಾಜೇಂದ್ರ ಆಸ್ಪತ್ರೆಯನ್ನು ಮೊದಲು ಸಂಪರ್ಕಿಸಬಹುದು. ಹೆಚ್ಚಿನ ಪರೀಕ್ಷೆ ಬೇಕಾದಲ್ಲಿ ವೈದ್ಯರ ಶಿಫಾರಸು ಪತ್ರದೊಂದಿಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ತೆರಳಬಹುದು.

ಪ್ರಥಮ ಚಿಕಿತ್ಸೆ

ರೋಗಿಯನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಬಾಯಿಗೆ ಏನನ್ನೂ ಇಡಬೇಡಿ; ಕೈಗೆ ಕಬ್ಬಿಣ ಕೊಡುವುದು, ಚಪ್ಪಲಿ ಅಥವಾ ಈರುಳ್ಳಿ ಮೂಸಿಸುವುದು ನಿರುಪಯುಕ್ತ. ಸೆಳವು 5 ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಿ. ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ-ಮಾನಸ್ ಸಂಖ್ಯೆ 14416.

ಅರ್ಜಿದಾರರ ಗಮನಕ್ಕೆ

ಚಾಲನಾ ಪರವಾನಗಿಯ ನಮೂನೆ-1ರಲ್ಲಿ ಮೂರ್ಛೆ ರೋಗವನ್ನಷ್ಟೇ ಅಲ್ಲ, ಯಾವುದೇ ಕಾರಣದಿಂದ ಹಠಾತ್ತನೆ ಪ್ರಜ್ಞೆ ತಪ್ಪುವುದನ್ನೂ ಕೇಳಲಾಗುತ್ತದೆ. ಸತ್ಯವನ್ನೇ ಘೋಷಿಸತಕ್ಕದ್ದು. ವಿವಾಹದ ಬಗ್ಗೆ ಹೇಳುವುದಾದರೆ, ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಮೂರ್ಛೆ ರೋಗದ ನಿರ್ಬಂಧವನ್ನು 1999ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ.

ಸೆಳವಿನ ಕಾರಣ ಯಾವುದೇ ಇರಲಿ, ಅದನ್ನು ಮುಚ್ಚಿಡದೆ, ಕಂಡದ್ದನ್ನು ಕಂಡಂತೆ ವೈದ್ಯರಿಗೆ ತಿಳಿಸಿ ಸೂಕ್ತ ಚಿಕಿತ್ಸೆ ಪಡೆಯಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.