ಕಂಪ್ಯೂಟರ್‌ನಲ್ಲಿ ಉಕ್ಕು ಒತ್ತುವ ಆ ಬಣ್ಣದ ವಿಡಿಯೊ ಬರೀ ಗ್ರಾಫಿಕ್ಸಾ?

ಬಣ್ಣಬಣ್ಣದ ಉಕ್ಕಿನ ತುಂಡೊಂದು ಎರಡು ಅಚ್ಚುಗಳ ನಡುವೆ ಬೆಣ್ಣೆಯಂತೆ ಹರಡಿ ಉಂಗುರವಾಗುವ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ‘ಗ್ರಾಫಿಕ್ಸ್, ನಂಬಬೇಡಿ’ ಎನ್ನುವವರಿದ್ದಾರೆ. ‘ಇನ್ಮೇಲೆ ಟೆಸ್ಟಿಂಗೇ ಬೇಡ, ಎಲ್ಲಾ ಕಂಪ್ಯೂಟರೇ ನೋಡ್ಕೊಳ್ಳುತ್ತೆ’ ಎನ್ನುವವರೂ ಇದ್ದಾರೆ. ಎರಡೂ ತಪ್ಪು.

ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಕಾರಿನ ಚಕ್ರ ತಿರುಗುವುದು ಬೇರಿಂಗ್ ಮೇಲೆ. ಒಳಗೊಂದು ಉಂಗುರ, ಹೊರಗೊಂದು ಉಂಗುರ, ನಡುವೆ ಗೋಲಿ ಅಥವಾ ರೋಲರ್. ಈ ಉಂಗುರವನ್ನು ಚನ್ನಪಟ್ಟಣದ ಬೊಂಬೆಯಂತೆ ಲೇತ್‌ನಲ್ಲಿ ಕಡೆದೂ ಮಾಡಬಹುದು. ಆದರೆ ಗಟ್ಟಿ ಸರಳನ್ನು ಕಡೆದರೆ ಬಹಳಷ್ಟು ಉಕ್ಕು ಸುರುಳಿಯಾಗಿ ಹಾಳಾಗುತ್ತದೆ. ಹಾಗಾಗಿ ಹಲವು ಉಂಗುರಗಳಿಗೆ ಸರಳಿನ ತುಂಡನ್ನು 1,100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ, ಪ್ರೆಸ್‌ನಲ್ಲಿ ಒತ್ತಿ, ನಡುವೆ ತೂತು ಹೊಡೆಯುತ್ತಾರೆ. ಇದೇ ಫೋರ್ಜಿಂಗ್.

ಇಲ್ಲಿ ಭಯ ಮಡಿಕೆಯದ್ದು. ಮುದ್ದೆ ಕಟ್ಟುವಾಗ ಒಣ ಹಿಟ್ಟು ಒಳಗೆ ಸಿಕ್ಕಿಕೊಂಡರೆ ಮೇಲೆ ನುಣುಪಾಗಿ ಕಂಡರೂ ಮುರಿದಾಗ ಅಲ್ಲೇ ಬಿಚ್ಚಿಕೊಳ್ಳುತ್ತದಲ್ಲ, ಹಾಗೆ. ಕಾದ ಉಕ್ಕಿನ ಮೈಮೇಲೆ ಆಕ್ಸೈಡ್ ಪೊರೆ ಇರುತ್ತದೆ. ಒತ್ತುವಾಗ ಮೈ ಮಡಚಿಕೊಂಡರೆ ಪೊರೆ ಒಳಸೇರಿ, ಎರಡು ಪದರಗಳು ಬೆಸೆಯುವುದೇ ಇಲ್ಲ. ಮುಂದೆ ಗೋಲಿಗಳು ಅದೇ ಜಾಗದ ಮೇಲೆ ಲಕ್ಷಾಂತರ ಸಲ ಉರುಳುವಾಗ ಬಿರುಕು ಅಲ್ಲಿಂದಲೇ ಹುಟ್ಟಬಹುದು. ಆಗ ಗಾಡಿ ಹೆದ್ದಾರಿಯಲ್ಲಿರುತ್ತದೆ.

ಕಂಪ್ಯೂಟರ್ ಮಾಡುವುದು ಲೆಕ್ಕ. ತುಂಡನ್ನು ಸಾವಿರಾರು ಪುಟ್ಟ ಭಾಗಗಳ ಬಲೆಯಾಗಿ ವಿಂಗಡಿಸುತ್ತದೆ. ಎಂಜಿನಿಯರುಗಳು ಇದನ್ನು ಫೈನೈಟ್ ಎಲಿಮೆಂಟ್ ವಿಧಾನ ಎನ್ನುತ್ತಾರೆ. ಪ್ರೆಸ್ ಚೂರು ಇಳಿದಾಗ ಪ್ರತಿ ಭಾಗ ಎತ್ತ ಸರಿಯಿತು, ಎಷ್ಟು ಬಿಸಿಯಿದೆ, ಅದರ ಮೇಲೆ ಒತ್ತಡ ಎಷ್ಟು ಎಂದು ಬಿಡಿಸುತ್ತದೆ. ಮತ್ತೆ ಚೂರು ಇಳಿಸಿ, ಮತ್ತೆ ಲೆಕ್ಕ. ಭಾಗಗಳು ತೀರಾ ತಿರುಚಿಕೊಂಡರೆ ಬಲೆಯನ್ನೇ ಹೊಸದಾಗಿ ಹೆಣೆಯುತ್ತದೆ. ಬಣ್ಣಗಳು ಆ ಅಂಕಿಗಳ ಗುರುತು ಅಷ್ಟೆ. ಕೆಂಪು ಎಂದರೆ ಬಿಸಿಯೇ ಆಗಬೇಕಿಲ್ಲ, ಒತ್ತಡವೂ ಆಗಿರಬಹುದು. ಯಾವುದೆಂದು ಹೇಳುವುದು ಪಕ್ಕದ ಪಟ್ಟಿ. ಫಾರ್ವರ್ಡ್ ಮಾಡುವವರು ಕತ್ತರಿಸಿರುವುದೂ ಹೆಚ್ಚಾಗಿ ಅದನ್ನೇ!

ಅಚ್ಚಿನ ಮೂಲೆಯನ್ನು ಇನ್ನಷ್ಟು ಗುಂಡಗೆ ಮಾಡಿದರೆ ಮಡಿಕೆ ತಪ್ಪುತ್ತದೆಯೇ? ದುಬಾರಿ ಅಚ್ಚು ತಯಾರಾಗುವ ಮೊದಲೇ ಪರದೆಯ ಮೇಲೆ ನೋಡಬಹುದು.

ಆದರೆ ಆ ಉಕ್ಕು ಯಾವ ಬಿಸಿಗೆ ಎಷ್ಟು ಮೆದುವಾಗುತ್ತದೆ, ಅಚ್ಚಿಗೂ ಅದಕ್ಕೂ ಘರ್ಷಣೆ ಎಷ್ಟು ಎಂಬುದನ್ನು ಮನುಷ್ಯರೇ ಅಳೆದು ಕೊಡಬೇಕು. ಅದು ತಪ್ಪಿದರೆ ವಿಡಿಯೊ ಚೆಂದ, ಉತ್ತರ ತಪ್ಪು. ಅದಕ್ಕೇ ಮೊದಲ ಉಂಗುರಗಳನ್ನು ಕೊಯ್ದು, ಉಜ್ಜಿ, ಆಸಿಡ್‌ನಲ್ಲಿ ಅದ್ದುತ್ತಾರೆ. ಉಕ್ಕು ಹರಿದ ಗೆರೆಗಳು ಆಗ ಮರದ ಎಳೆಗಳಂತೆ ಎದ್ದು ಕಾಣುತ್ತವೆ. ಕಂಪ್ಯೂಟರ್ ತೋರಿಸಿದ್ದನ್ನು ಆ ಗೆರೆಗಳ ಪಕ್ಕ ಇಟ್ಟು ನೋಡುತ್ತಾರೆ.