ಹಳೆಯ ಬಾಗಿಲು ಅಡುಗೆಕಟ್ಟೆಯಾಗುವ ಮುನ್ನ

ಜಯನಗರ 1948ರಲ್ಲಿ ಆರಂಭವಾದ ಬಡಾವಣೆ. ಅಲ್ಲಿಯೂ ಬನಶಂಕರಿಯಲ್ಲಿಯೂ ಈಗ ಹಳೆಯ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಆ ಮನೆಗಳ ತೇಗ, ಹೊನ್ನೆ, ಹಲಸಿನ ಬಾಗಿಲು, ತೊಲೆಗಳು ಹಳೆ ಮರದ ಅಂಗಡಿ ಸೇರುತ್ತವೆ. ಅವನ್ನು ಕೊಯ್ಸಿ ಅಡುಗೆಕಟ್ಟೆಗೆ ಹಾಕಿಸಬಹುದೇ ಎಂದು ನೀವು ಕೇಳಬಹುದು. ಖಂಡಿತ ಹಾಕಿಸಬಹುದು. ಆದರೆ ಮರಕ್ಕಿಂತ ಮೊದಲು ಅದರ ಮೇಲಿನ ಬಣ್ಣವನ್ನು ನೋಡಿ.

ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಮೊದಲು ಬಳಿದ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿದರೆ ಏಳುವ ಧೂಳು ಉಸಿರಿನಲ್ಲಿ ಹೋಗುತ್ತದೆ, ನೆಲದ ಮೇಲೆ ಆಡುವ ಮಗುವಿನ ಬಾಯಿಗೂ ಸೇರುತ್ತದೆ. ಯುನಾನಿಯಲ್ಲಿ ಆರೋಗ್ಯಕ್ಕೆ ಅಗತ್ಯವಾದ ಆರು ಕಾರಣಗಳಲ್ಲಿ ಗಾಳಿಗೇ ಮೊದಲ ಸ್ಥಾನ. ಸೀಸ ಸೇರಿದರೆ ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ ಕಾಣಿಸಬಹುದು. ಮಕ್ಕಳ ಕಲಿಕೆ ಹಿಂದೆ ಬೀಳಬಹುದು. ಎಷ್ಟೋ ಮಕ್ಕಳಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ನಾಡಿ ಹಿಡಿದು ಇದನ್ನು ಹೇಳಲಾಗದು, ರಕ್ತಪರೀಕ್ಷೆಯೇ ಆಗಬೇಕು.

ಆದ್ದರಿಂದ ಬಣ್ಣ ಕಾಣದ ತೊಲೆಯನ್ನೇ ಆರಿಸಿಕೊಳ್ಳಿ. ಬಣ್ಣದ ಮರವೇ ಬೇಕೆಂದಾದರೆ ಮನೆಯೊಳಗೆ ಉಜ್ಜಿಸಬೇಡಿ, ಬೆಂಕಿ ತಾಗಿಸಿ ಬಣ್ಣ ತೆಗೆಸಬೇಡಿ. ಹೊರಗೆ, ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಲು ಬಡಗಿಗೆ ಹೇಳಿ; ಅವರ ಮನೆಯಲ್ಲೂ ಮಕ್ಕಳಿದ್ದಾರೆ. ಗರ್ಭಿಣಿಯರು ಮತ್ತು ಮಕ್ಕಳು ದೂರವಿರಲಿ. ಉಳಿದ ಬಣ್ಣದ ಚೂರುಗಳನ್ನು ಬಿರಿಯಾನಿಯ ಒಲೆಗೆ ಹಾಕಬೇಡಿ. ಟಾರಿನ ವಾಸನೆಯಿರುವ ರೈಲ್ವೆ ಸ್ಲೀಪರ್ ಮರ ಅಡುಗೆಮನೆಗೆ ಬೇಡವೇ ಬೇಡ.

ಗೆದ್ದಲು ತಿಂದ ಭಾಗ ಕತ್ತರಿಸಿ, ಮೊಳೆಗಳನ್ನು ಕೀಳಿಸಿ, ತೂತು ಬಿರುಕುಗಳನ್ನು ಪೂರ್ತಿ ತುಂಬಿಸಿ. ಅಲ್ಲಿ ತೇವ ನಿಂತರೆ ಬೂಸು ಬರುತ್ತದೆ, ಜಿರಳೆ ಸೇರುತ್ತದೆ. ಮೇಲೆ ಹಚ್ಚುವ ಎಣ್ಣೆ ಅಥವಾ ಪಾಲಿಶ್ ಆಹಾರ ತಾಗಲು ಯೋಗ್ಯವೆಂದು ಡಬ್ಬಿಯ ಮೇಲೆ ಬರೆದಿರಲಿ, ಪೂರ್ತಿ ಒಣಗಿದ ಮೇಲೆಯೇ ಬಳಸಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಇಡಬೇಡಿ, ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಸಿಂಕ್ ಮತ್ತು ಸ್ಟವ್ ಇರುವ ಕಡೆ ಗ್ರಾನೈಟ್ ಇದ್ದರೆ ಒಳ್ಳೆಯದು.

ಬಕ್ರೀದಿನ ಮಾಂಸವನ್ನು ಕಟ್ಟೆಯ ಮೇಲೆ ನೇರವಾಗಿ ಕತ್ತರಿಸದೆ ಪ್ರತ್ಯೇಕ ಹಲಗೆ ಇಟ್ಟುಕೊಳ್ಳಿ. ರಕ್ತ ತಾಗಿದರೆ ಕೂಡಲೇ ಸಾಬೂನು, ಬಿಸಿನೀರಿನಿಂದ ತೊಳೆದು ಒಣಬಟ್ಟೆಯಿಂದ ಒರೆಸಿ. ರಾತ್ರಿ ಮಲಗುವಾಗ ಕಟ್ಟೆ ಒಣಗಿರಲಿ. ಅಷ್ಟು ಜೋಪಾನ ಮಾಡಿದರೆ ಅಜ್ಜನ ಕಾಲದ ಬಾಗಿಲು ಮೊಮ್ಮಕ್ಕಳ ಊಟಕ್ಕೂ ಒದಗುತ್ತದೆ.